ಚಾಕುಗಳ ತವರುಮನೆ

ಮಸ್ಕಿಯ ಕಮ್ಮಾರ ಮಾನಪ್ಪನ ಬಲಗೈ ಕರಡಿಯ ಕೈಯಂತೆ ಕೂದಲು ತುಂಬಿಕೊಂಡಿತ್ತು. ಎಡಗೈಯಲ್ಲಿ ಮಾತ್ರ ಮಣಿಕಟ್ಟಿನಿಂದ ಮೊಣಕೈವರೆಗೆ ಹುಡುಕಿದರೂ ಒಂದು ಕೂದಲು ಸಿಗುತ್ತಿರಲಿಲ್ಲ. ಮೊದಲ ಸಲ ನೋಡಿದವರು ಇದೇನೋ ಚರ್ಮದ ರೋಗವೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ನಾನೂ ಹಾಗೇ ಸರಿದು ನಿಂತವನು. ಅಷ್ಟರಲ್ಲಿ ಅವನು ಆಗತಾನೆ ಸಾಣೆ ಹಿಡಿದ ಚಾಕುವೊಂದನ್ನು ಎತ್ತಿಕೊಂಡು, ಆ ಬೋಳು ಕೈಮೇಲೆ ಎಲ್ಲೋ ಒಂದೆರಡು ಚಿಗುರಿದ್ದ ಎಳೆಗೂದಲನ್ನು ಹುಡುಕಿ, ನೀರು ಸೋಪು ಏನೂ ಇಲ್ಲದೆ ನುಣ್ಣಗೆ ತೆಗೆದು, ಉಫ್ ಎಂದು ಊದಿದ.

"ಮಂದಿ ಕೈಗೆ ಹೋಗೂಕಿಂತ ಮೊದಲ ನನ್ನ ಕೈ ದಾಟಿ ಹೋಗಲಿ ಬಿಡ್ರಿ," ಎಂದ. "ನನಗ ಮೋಸ ಮಾಡದಿದ್ದದ್ದು ನಿಮಗೂ ಮಾಡಂಗಿಲ್ಲ."

ಈ ಮಾತನ್ನು ನಾನು ಆರು ವರ್ಷ ನೆನಪಿಟ್ಟುಕೊಂಡೆ. ಈಗಲೂ ನೆನಪಿದೆ, ಆದರೆ ಬೇರೆ ಕಾರಣಕ್ಕೆ.

ಆಗ ನಾನು ಲಿಂಗಸುಗೂರಿನ ತಹಸೀಲು ಕಚೇರಿಯಲ್ಲಿ ಉರ್ದು ಬರೆಯುವ ಮುನ್ಶಿ. ನಲವತ್ತೆಂಟನೆಯ ಇಸವಿಯ ಬೇಸಿಗೆ. ಕಚೇರಿಯ ಕಾಗದವೆಲ್ಲ ಲಾಳದಕಡ್ಡಿ ಎಂಬ ಜೊಂಡಿನ ಕಲಮಿನಲ್ಲೇ ನಡೆಯುತ್ತಿತ್ತು. ಕಲಮಿನ ಮೂತಿಯನ್ನು ಓರೆಯಾಗಿ ಕತ್ತರಿಸಿ ನಡುವೆ ಕೂದಲೆಳೆಯಷ್ಟು ಸೀಳಬೇಕು. ಪೇಟೆಯ ಚಾಕು ಕಡ್ಡಿಯನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿತ್ತು. ನನ್ನ ಅಕ್ಷರ ಚೆನ್ನಾಗಿದೆಯೆಂಬ ಒಂದೇ ಬಲದ ಮೇಲೆ ನೌಕರಿ ಹಿಡಿದವನು ನಾನು. ಅಂಥವನ ಅಕ್ಷರ ಕೋಳಿ ಕೆದರಿದಂತೆ ಆಗತೊಡಗಿದಾಗ ಕಚೇರಿಯ ಜವಾನ ಮಸ್ಕಿಯ ದಾರಿ ತೋರಿಸಿದ. "ಅಲ್ಲಿ ಮಾನಪ್ಪ ಅಂತ ಅದಾನ್ರಿ. ಕುಡಗೋಲು, ಈಳಿಗಿ ಎಲ್ಲಾ ಮಾಡ್ತಾನ. ಆದರ ಮಡಚು ಚಾಕು ಮಾತ್ರ ಮನಸು ಬಂದವರಿಗೆ ಅಷ್ಟ ಮಾಡಿಕೊಡ್ತಾನ."

ನನ್ನ ಮೇಲೆ ಮನಸ್ಸು ಬಂದದ್ದು ಹೇಗೋ ಗೊತ್ತಿಲ್ಲ. ನನ್ನ ಬೆರಳಿಗಂಟಿದ ಮಸಿಯನ್ನು ನೋಡಿದ, ನಾನು ಕಲಮು ಹಿಡಿಯುವ ರೀತಿಯನ್ನು ಒಂದು ಕಡ್ಡಿ ಕೊಟ್ಟು ತೋರಿಸೆಂದ, ಒಂದು ವಾರ ಬಿಟ್ಟು ಬರಲು ಹೇಳಿದ. ವಾರ ಬಿಟ್ಟು ಹೋದರೆ ಹುಣಸೆಯ ಚೇಗಿನ ಹಿಡಿಕೆಯ, ಹಿತ್ತಾಳೆಯ ಮೊಳೆಯ, ಅಂಗೈಯಲ್ಲಿ ಮುಚ್ಚಿಹೋಗುವ ಒಂದು ಚಾಕು ನನ್ನ ಮುಂದಿತ್ತು. ಅಲಗಿನ ಬುಡದಲ್ಲಿ ಜೋಳದ ಕಾಳಿನಷ್ಟು ಒಂದು ಗುರುತು. ತೆರೆದರೆ ಟಕ್ ಎಂದು ನಿಲ್ಲುತ್ತಿತ್ತು. ಮುಚ್ಚಿದರೆ ಇನ್ನೊಂದು ಟಕ್. ಅದನ್ನು ಅವನು ನನ್ನ ಕೈಗೆ ಕೊಡಲಿಲ್ಲ. ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆಂದು ನೆಲಕ್ಕಿಟ್ಟು ಎತ್ತಿಕೊಳ್ಳಲು ಹೇಳುತ್ತಾರೆ. ನೆಲದ ಮೇಲಿಟ್ಟು, "ಇಕಿ ಹೆಸರು ಗಂಗವ್ವ," ಎಂದ.

ಮಾನಪ್ಪನಿಗೆ ಮಕ್ಕಳಿರಲಿಲ್ಲ. ಕುಡುಗೋಲು ಈಳಿಗೆಗಳಿಗೆ ಅವನು ಹೆಸರಿಡುತ್ತಿರಲಿಲ್ಲ. ಅವು ಹೊಟ್ಟೆಪಾಡು. ಮಡಚುವ ಚಾಕುಗಳು ಮಾತ್ರ ಹೆಣ್ಣುಮಕ್ಕಳು. ಅಲಗು ನಾಲ್ಕು ಬೆರಳಿಗಿಂತ ಉದ್ದವಾಗಲು ಬಿಡುತ್ತಿರಲಿಲ್ಲ. "ನಾಕು ಬಳ್ಳು ದಾಟಿದರ ಅದು ಚಾಕು ಅಲ್ರಿ, ಜಗಳ," ಎನ್ನುತ್ತಿದ್ದ. ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೈದರಾಬಾದಿನ ಮೇಲೆ ಪೊಲೀಸ್ ಆಕ್ಷನ್ ಆಗಿ, ಉದ್ದನೆಯ ಆಯುಧ ಇದ್ದವರೆಲ್ಲ ಹೆದರಿ ಬಾವಿಗೆ ಎಸೆಯುತ್ತಿದ್ದಾಗ, ಮಾನಪ್ಪ ಒಂದು ದಿನವೂ ತಿದಿ ನಿಲ್ಲಿಸಲಿಲ್ಲ.

ಕಚೇರಿಯಲ್ಲಿ ಉರ್ದು ಹಿಂದೆ ಸರಿಯಿತು, ಕನ್ನಡ ಇಂಗ್ಲಿಷು ಮುಂದೆ ಬಂದವು, ಕಲಮಿನ ಜಾಗಕ್ಕೆ ಸರ್ಕಾರದ ನಿಬ್ಬು ಬಂತು. ನಾನು ಕಲಮು ಬಿಡಲಿಲ್ಲ. ಲಾಳದಕಡ್ಡಿಯಲ್ಲೇ ಕನ್ನಡ ಬರೆದೆ. ಗಂಗವ್ವ ದಿನವೂ ನನ್ನ ಅಂಗಿಯ ಜೇಬಿನಲ್ಲಿದ್ದಳು. ಕಡತದ ದಾರ, ಪೆನ್ಸಿಲ್ಲು, ಉಗುರು, ಮಾವಿನಕಾಯಿ, ಹೆಂಡತಿ ಈರಮ್ಮನ ಕೊರಳ ದಾರದ ಗಂಟು, ಎಲ್ಲಕ್ಕೂ ಅದೇ.

ಚಟ ಹತ್ತಿದ್ದು ಎರಡನೆಯ ಚಾಕುವಿನಿಂದ. ಮರುವರ್ಷ ಹೋದಾಗ ಟಗರಿನ ಕರಿಕೋಡಿನ ಹಿಡಿಕೆಯದೊಂದನ್ನು ಮಾಡಿಟ್ಟಿದ್ದ. ಕೋಡಿನ ಮೈಯ ಸುತ್ತುಗೆರೆಗಳನ್ನು ಉಜ್ಜಿಹಾಕದೆ ಹಾಗೇ ಉಳಿಸಿ, ಬೆರಳು ಕೂರುವ ಕಡೆ ಮಾತ್ರ ನುಣುಪು ಮಾಡಿದ್ದ. ಅದನ್ನು ನೋಡಿದ ಮೇಲೆ ನನಗೆ ಬಿಟ್ಟುಬರಲು ಆಗಲಿಲ್ಲ. ಅದು ತುಂಗವ್ವ. ಆಮೇಲೆ ದುಡ್ಡು ಕೊಟ್ಟು ವರ್ಷಕ್ಕೊಂದು, ಒಮ್ಮೊಮ್ಮೆ ಎರಡು. ಬೇವಿನದು, ಎಮ್ಮೆಕೋಡಿನದು, ಹಿತ್ತಾಳೆಯ ಮೇಲೆ ಮೀನಿನ ಹುರುಪೆ ಕೊರೆದದ್ದು. ಅವುಗಳಿಗೆಂದೇ ಸಾಗವಾನಿಯ ಪೆಟ್ಟಿಗೆ ಮಾಡಿಸಿ, ಒಳಗೆ ಕೆಂಪು ಮಖಮಲ್ಲು ಹಾಸಿದೆ. ಸಂಜೆ ಕಚೇರಿಯಿಂದ ಬಂದು ಕೈಕಾಲು ತೊಳೆದು, ಅವನ್ನು ಒಂದೊಂದಾಗಿ ತೆರೆದು ಟಕ್ ಎನ್ನಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಮಲಗಿಸುತ್ತಿದ್ದೆ. ಏನನ್ನೂ ಕೊಯ್ಯುತ್ತಿರಲಿಲ್ಲ. ಅಷ್ಟು ಚೆಂದದ್ದರಿಂದ ಈರುಳ್ಳಿ ಕೊಯ್ಯಲು ಯಾರಿಗೆ ಮನಸ್ಸು ಬರುತ್ತದೆ?

"ಮಂದಿ ಗಂಡಂದಿರು ಮನಿಗೆ ಬಂಗಾರ ತರ್ತಾರ," ಎನ್ನುತ್ತಿದ್ದಳು ಈರಮ್ಮ. "ನಮ್ಮವರು ಚಾಕು ತರ್ತಾರ. ಅವೂ ಬದನಿಕಾಯಿಗೆ ಬರಂಗಿಲ್ಲ."

ಬಂಗಾರ ಕೂಡಿಡುವ ತಾಕತ್ತು ನನ್ನ ಸಂಬಳಕ್ಕೆ ಇರಲಿಲ್ಲ. ಈ ಭೂಮಿಯ ಮೇಲೆ ನನ್ನದೆಂದು ಹೇಳಿಕೊಳ್ಳುವ ಚೆಂದದ ವಸ್ತು ಆ ಪೆಟ್ಟಿಗೆ ಒಂದೇ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಮನುಷ್ಯ ತನ್ನ ಕೈಲಾದ ಅತ್ಯುತ್ತಮವನ್ನು ನನಗಾಗಿ ಮಾಡುತ್ತಾನೆ ಎಂಬ ಹೆಮ್ಮೆ. ಕಚೇರಿಯಲ್ಲಿ ಯಾರೂ ನನಗಾಗಿ ಕುರ್ಚಿ ಸರಿಸಿದವರಲ್ಲ.

ಮಾನಪ್ಪನಲ್ಲಿ ಒಂದು ಪದ್ಧತಿ ಇತ್ತು, ಬೇರೆಲ್ಲೂ ನಾನು ಕಂಡಿಲ್ಲ. ಶ್ರಾವಣದ ನಾಗರ ಪಂಚಮಿಯಂದು ನಮ್ಮ ಕಡೆ ಮನೆಯಲ್ಲಿ ಏನನ್ನೂ ಕೊಯ್ಯುವುದಿಲ್ಲ, ಒಲೆಯ ಮೇಲೆ ಹೆಂಚು ಇಡುವುದಿಲ್ಲ. ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುವ ಹಬ್ಬ ಅದು. "ಊರ ಹೆಣ್ಣುಮಕ್ಕಳೆಲ್ಲಾ ತವರಿಗೆ ಬರ್ತಾರ, ನನ್ನ ಮಕ್ಕಳು ಯಾಕ ಬರಬಾರದ್ರಿ? ಹೆಂಗಿದ್ರೂ ಅವತ್ತು ಅವಕ್ಕೂ ಸೂಟಿ," ಎಂದು ಅವನು ತಾನು ಮಾಡಿದ ಮಡಚು ಚಾಕುಗಳನ್ನು ಪಂಚಮಿಗೆ ತಿರುಗಿ ತರಿಸಿಕೊಳ್ಳುತ್ತಿದ್ದ. ಎಲ್ಲರೂ ತರುತ್ತಿರಲಿಲ್ಲ. ನಾನು ತಪ್ಪಿಸಿದವನಲ್ಲ. ಹಬ್ಬದ ಹಿಂದಿನ ದಿನ ಬಸ್ಸು ಹತ್ತಿ ಪೆಟ್ಟಿಗೆ ಒಯ್ದು ಕೊಡುತ್ತಿದ್ದೆ, ಜೇಬಿನ ಗಂಗವ್ವನನ್ನೂ ಸೇರಿಸಿ. ಅವನು ಅಲಗನ್ನು ಟಕ್ ಎನ್ನಿಸುವ ಕಮಾನು ಬಿಗಿ ಮಾಡಿ, ಎಣ್ಣೆ ಹಚ್ಚಿ, ಜೋಳದ ರಾಶಿಯ ಮೇಲೆ ಸಾಲಾಗಿ ಮಲಗಿಸಿ, ಕುಂಕುಮ ಇಡುತ್ತಿದ್ದ. ಅವನ ಹೆಂಡತಿ ನಿಂಗವ್ವ ನನಗೆ ಹುರಿದರಳಿಸಿದ ಜೋಳದ ಅಳ್ಳು, ಎಳ್ಳುಂಡಿ, ಶೇಂಗಾದುಂಡಿ ಕೊಡುತ್ತಿದ್ದಳು. ಹಬ್ಬ ಮುಗಿದ ಮೇಲೆ ಪ್ರತಿ ಚಾಕುವನ್ನೂ ಬಿಳಿ ಅರಿವೆಯಲ್ಲಿ ಸುತ್ತಿ, ಅದರೊಳಗೆ ಚಿಟಿಕೆ ಅಳ್ಳು, ಚೂರು ಕೊಬ್ಬರಿ ಹಾಕಿ, ಉಡಿ ತುಂಬಿ ಕಳಿಸುತ್ತಿದ್ದರು.

ಪ್ರತಿ ಪಂಚಮಿಗೂ ಅವನು ಒಂದೊಂದನ್ನೇ ತೆರೆದು, ಅಲಗಿನ ಮೇಲೆ ಹೆಬ್ಬೆರಳಾಡಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಮುನ್ಶಿಯವರ, ಈಕಿಗೆ ಕೆಲಸ ಹಚ್ಚೀರೇನ್ರಿ?"

"ಹಚ್ಚಬೇಕು, ಹಚ್ಚಬೇಕು," ಎನ್ನುತ್ತಿದ್ದೆ ನಾನು.

"ಹೂಂ," ಎನ್ನುತ್ತಿದ್ದ.

ಆ "ಹೂಂ" ನನಗೆ ಕೇಳಿಸಲೇ ಇಲ್ಲ ಎಂದಲ್ಲ. ಅವನ ಗೊಣಗಾಟ ಎಂದುಕೊಂಡೆ. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತ್ತು. ಹೊಸ ಚಾಕುವನ್ನು ಎಡಗೈ ಮೇಲೆ ಪರೀಕ್ಷಿಸದೆ ಕೊಡದವನು, ತವರಿಂದ ತಿರುಗಿ ಹೋಗುವ ಚಾಕುಗಳನ್ನು ಪರೀಕ್ಷಿಸುತ್ತಿರಲಿಲ್ಲ. ಒಮ್ಮೆ ಕೇಳಿದ್ದಕ್ಕೆ, "ತವರಿಂದ ಹೋಗೋ ಮಗಳನ್ನ ಯಾರರೆ ಪರೀಕ್ಷಾ ಮಾಡ್ತಾರೇನ್ರಿ?" ಎಂದು ನಕ್ಕ. ನಾನೂ ನಕ್ಕು ಬಸ್ಸಿಗೆ ಹೊರಟೆ.

ಐವತ್ನಾಲ್ಕರಲ್ಲಿ ಸಿಂಧನೂರಿನ ಕಡೆ ಕಾಲುವೆಯ ಕೆಲಸ ಜೋರಾಗಿ ನಡೆದಿತ್ತು. ನೀರು ಬಂದರೆ ಸಿಂಧನೂರು ದೊಡ್ಡ ಪೇಟೆಯಾಗುತ್ತದೆ ಎಂದು ಎಲ್ಲರ ಬಾಯಲ್ಲೂ ಮಾತು. ಅಲ್ಲಿ ಒಳ್ಳೆಯ ಕಸಬುದಾರರಿಗೆ ಸರ್ಕಾರದಿಂದ ಶೆಡ್ಡು, ಇದ್ದಲಿ, ಸಾಣೆಯ ಯಂತ್ರ ಕೊಡಿಸುವ ವಿಚಾರವೊಂದು ನಮ್ಮ ಕಚೇರಿಗೆ ಬಂತು. ರಾಯಚೂರಿನಿಂದ ಒಬ್ಬ ಸಾಹೇಬರು ಲಿಂಗಸುಗೂರಿಗೆ ಬಂದು ಸಾಮಾನು ನೋಡಿ ಆಯ್ಕೆ ಮಾಡುತ್ತಾರೆ ಎಂದು ತಿಳಿಯಿತು. ಕಮ್ಮಾರರ ಪಟ್ಟಿಯಲ್ಲಿ ಮೊದಲ ಹೆಸರು ನಾನೇ ಬರೆದೆ, ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ. ಮಾನಪ್ಪನ ಮಸ್ಕಿಯ ಗುಡಿಸಲು ಪ್ರತಿ ಮಳೆಗೂ ಸೋರುತ್ತಿತ್ತು. ವಯಸ್ಸು ಐವತ್ತು ದಾಟಿತ್ತು, ತಿದಿ ಒತ್ತಲು ನಿಂಗವ್ವನಿಗೆ ಉಸಿರು ಸಾಲುತ್ತಿರಲಿಲ್ಲ. ಆ ಶೆಡ್ಡು ಸಿಕ್ಕರೆ ಅವರ ಮುಪ್ಪು ನಿರಾಳ.

ಓಡಿಹೋಗಿ ಹೇಳಿದೆ. ಅವನು ಖುಷಿಪಡಲಿಲ್ಲ.

"ಏನು ತೋರಸ್ತೀರಿ ಅವರಿಗೆ?"

"ನನ್ನ ಪೆಟಗಿ ತೋರಸ್ತೀನಿ. ಆರು ವರ್ಷದ ನಿನ್ನ ಕೆಲಸ ಎಲ್ಲಾ ಅದರಾಗ ಐತಿ."

ಅವನು ಇಕ್ಕಳ ಕೆಳಗಿಟ್ಟ. "ಬ್ಯಾಡ್ರಿ. ನನಗ ಶೆಡ್ಡು ಬ್ಯಾಡ."

"ಹುಚ್ಚಪ್ಪ, ಕೂತಲ್ಲಿ ಬರೋ ಭಾಗ್ಯ."

"ಹೊಸಾವು ಎರಡು ಮಾಡಿಕೊಡ್ತೀನಿ, ಅವನ್ನ ಒಯ್ರಿ."

"ಎಲ್ಲೈತಿ ಟೈಮು? ಸಾಹೇಬರು ನಾಡಿದ್ದ ಬರ್ತಾರ."

ಅವನು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ನಾಚಿಕೆಯ ಮನುಷ್ಯ, ಹೊಗಳಿಸಿಕೊಳ್ಳಲು ಹಿಂಜರಿಯುತ್ತಾನೆ ಎಂದುಕೊಂಡೆ. ನೀನೂ ಬರಲೇಬೇಕು ಎಂದು ಆಣೆ ಹಾಕಿ ಬಂದೆ.

ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಮೇಜು ಹಾಕಿದ್ದರು. ಒಬ್ಬರು ಕಂಬಳಿ ತಂದಿದ್ದರು, ಒಬ್ಬರು ಚಪ್ಪಲಿ, ಒಬ್ಬರು ಮಡಕೆ. ನನ್ನ ಸಾಗವಾನಿ ಪೆಟ್ಟಿಗೆ ತೆರೆದಾಗ ಎಲ್ಲರೂ ಇತ್ತ ಬಂದರು. ಸಾಹೇಬರೂ ಬಂದರು. ಮಾನಪ್ಪ ದೂರದಲ್ಲಿ ಗೋಡೆಗೊರಗಿ, ಎಡಗೈಯನ್ನು ಧೋತರದೊಳಗೆ ಮುಚ್ಚಿಕೊಂಡು ನಿಂತಿದ್ದ. ನಾನು ಸಾಹೇಬರಿಗೆ ಆ ಎಡಗೈಯ ಕಥೆ ಹೇಳಿದೆ, ನಾಲ್ಕು ಬೆರಳಿನ ಮಾತು ಹೇಳಿದೆ, ಹೆಸರುಗಳನ್ನು ಹೇಳಿದೆ. ನಾನು ಅಷ್ಟು ಮಾತಾಡುತ್ತೇನೆಂದು ಕಚೇರಿಯವರಿಗೇ ಗೊತ್ತಿರಲಿಲ್ಲ. ಸಾಹೇಬರು ತುಂಗವ್ವನನ್ನು ಎತ್ತಿಕೊಂಡರು, ಟಕ್ ಎನ್ನಿಸಿದರು, ಮೆಚ್ಚಿದರು. ಮೇಲಿಂದ ಕೈಗೆ ಸಿಕ್ಕ ಒಂದು ಬೇವಿನ ಟೊಂಗೆ ಎಳೆದು, ಹಲ್ಲುಜ್ಜುವ ಕಡ್ಡಿಯಷ್ಟು ದಪ್ಪದ್ದು, ಅದರ ಮೇಲೆ ಅಲಗಿಟ್ಟು ಒತ್ತಿದರು.

ಅಲಗು ಬಾಗಿತು. ಮುರಿಯಲಿಲ್ಲ, ಸೊಟ್ಟಗೆ ಬಾಗಿ ಹಾಗೇ ನಿಂತಿತು. ಟೊಂಗೆಯ ಸಿಪ್ಪೆ ಸ್ವಲ್ಪ ಜಜ್ಜಿತ್ತು, ಅಷ್ಟೆ.

ಸಾಹೇಬರು ಇನ್ನೊಂದನ್ನು ತೆಗೆದುಕೊಂಡರು. ಅದೂ ಹಾಗೆಯೇ. ಮೂರನೆಯದನ್ನು ನಾನೇ ಒತ್ತಿ ನೋಡಿದೆ, ಅದೂ ಬಾಗಿತು. ಹಿಂದೆ ಯಾರೋ ಕಿಸಕ್ಕೆಂದರು. ಸಾಹೇಬರು ಒಳ್ಳೆಯವರು, ದನಿ ಏರಿಸಲಿಲ್ಲ. "ಹಿಡಿಕಿ ಬಾಳ ಚೆಂದ ಅದಾವ. ಇವೇನು ಮಕ್ಕಳ ಆಟದ ಸಾಮಾನೇನ್ರಿ?" ಎಂದು ಕೇಳಿ, ಚಪ್ಪಲಿಯವನ ಕಡೆ ಹೋದರು. ನಾನು ಗೋಡೆಯ ಕಡೆ ನೋಡಿದೆ. ಮಾನಪ್ಪ ಅಲ್ಲಿರಲಿಲ್ಲ.

ಆ ದಿನ ನನಗಾದ ಅವಮಾನವನ್ನು ನಾನು ಮರೆತೇನು. ಅದು ಒಂದು ವಾರ ಕಚೇರಿಯಲ್ಲಿ ನಗೆಯಾಗಿ ಆಮೇಲೆ ಸತ್ತಿತು. ಆದರೆ ಮನೆಗೆ ಬಂದು ಪೆಟ್ಟಿಗೆ ತೆರೆದು, ಪ್ರತಿಯೊಂದು ಅಲಗನ್ನೂ ಹೊಸ್ತಿಲ ಮೇಲೆ ಒತ್ತಿ ನೋಡಿ, ಎಲ್ಲವೂ ತೆಳ್ಳನೆಯ ಡಬ್ಬಿ ಪಟ್ಟಿಯ ಕಬ್ಬಿಣ ಎಂದು ತಿಳಿದಾಗ ಎದೆಯಲ್ಲಿ ಆದದ್ದು ಬೇರೆ. ಹಿಡಿಕೆಗಳು ಅವೇ. ಮೊಳೆಗಳು ಅವೇ. ಬುಡದಲ್ಲಿ ಜೋಳದ ಕಾಳಿನ ಗುರುತೂ ಇತ್ತು. ಸುಳ್ಳಿನ ಮೇಲೂ ಅವನು ತನ್ನ ಗುರುತು ಒತ್ತಿದ್ದ. ಈ ಅಲಗುಗಳು ಮೊದಲು ನನ್ನ ಮನೆಗೆ ಬಂದಾಗ ಹೀಗಿರಲಿಲ್ಲ. ಅವನು ನನ್ನ ಕಣ್ಣೆದುರೇ ಎಡಗೈ ಮೇಲೆ ಆಡಿಸಿ ಕೊಟ್ಟವು ಅವು. ಅಂದರೆ ಪಂಚಮಿಗಳಲ್ಲಿ, ನಾನು ಅವನ ಕಟ್ಟೆಯ ಮೇಲೆ ಕೂತು ಎಳ್ಳುಂಡಿ ತಿಂದ ಪಂಚಮಿಗಳಲ್ಲಿ, ಒಳಗೆ ಒಂದೊಂದಾಗಿ ಅಲಗು ಕಳಚಿದ್ದಾನೆ. ಉಡಿ ತುಂಬಿ ಸುಳ್ಳನ್ನು ನನ್ನ ಮುಂದಿಟ್ಟಿದ್ದಾನೆ. ನಾನದನ್ನು ವರ್ಷಗಟ್ಟಲೆ ಸಂಜೆ ಸಂಜೆ ಒರೆಸಿದ್ದೇನೆ.

ಮರುದಿನವೇ ಮಸ್ಕಿಗೆ ಹೋದೆ. ನಿಂಗವ್ವ ನನ್ನನ್ನು ನೋಡಿ ಒಂದು ಚೊಂಬು ನೀರಿಟ್ಟು ಒಳಗೆ ಸರಿದಳು. ಮಾನಪ್ಪ ಕಬ್ಬಿಣ ಬಡಿಯುವ ಅಡೆಗಲ್ಲಿನ ಮುಂದೆ ಕೂತಿದ್ದ. ಪೆಟ್ಟಿಗೆಯನ್ನು ಅವನ ಮುಂದೆ ಕುಕ್ಕಿದೆ.

"ಎಲ್ಲಿ ಅದಾವ ನನ್ನ ಅಲಗು?"

ಅವನು ಸುಳ್ಳು ಹೇಳಲಿಲ್ಲ. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

"ಬಾಳ್ವಿ ಮಾಡಾಕತ್ತಾವ್ರಿ," ಎಂದ. "ತುಂಗವ್ವನ ಅಲಗು ಗುರುಗುಂಟಾದ ಕುರುಬರ ಬೀರಪ್ಪನ ಹತ್ರ ಐತಿ. ಮೀನಿನ ಹುರುಪಿದು ಇಲ್ಲೇ ಸೂಲಗಿತ್ತಿ ಕಾಸಿಂಬಿ ಕಡೆ. ಆಕಿ ಅದರಿಂದ ಕೂಸುಗಳ ಹೊಕ್ಕಳಹುರಿ ಕೊಯ್ತಾಳ. ಎಮ್ಮಿಕೋಡಿಂದು ಸಿಂಧನೂರಿನ ಜೀನು ಹೊಲಿಯೋ ಒಬ್ಬ ಜೀನಗಾರಗ ಕೊಟ್ಟೀನಿ, ಎತ್ತಿನ ಚರ್ಮ ಕೊಯ್ಯಾಕ."

"ಕೊಟ್ಟಿ? ಯಾರಪ್ಪನ ಮನಿ ಸಾಮಾನ ಕೊಟ್ಟಿ ನೀ?"

"ನನ್ನ ಮಕ್ಕಳ್ರಿ."

"ನನಗ ಮಾರಿದ್ದಿ."

"ಮಾರಿರಲಿಲ್ರಿ, ಕೊಟ್ಟಿದ್ದೆ. ನೀವು ಬಾಳಿಸಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಯಾರದೋ ಮನೆಯ ಕಷ್ಟ ಹೇಳುವವನ ದನಿ. "ವರ್ಷಾ ಪಂಚಮಿಗೆ ಬಂದಾಗ ನೋಡತಿದ್ದೆ. ಒಂದು ಗೀರು ಇಲ್ಲ, ಒಂದು ಕಲಿ ಇಲ್ಲ. ಕೊಯ್ದ ಅಲಗಿಗೆ ಒಂದು ಕಳೆ ಬರತೈತ್ರಿ. ಅವುಕ್ಕ ಬರಲೇ ಇಲ್ಲ. ಕೆಲಸ ಹಚ್ಚೀರೇನ್ರಿ ಅಂತ ಕೇಳೇ ಕೇಳಿದೆ. ಗಂಡನ ಮನ್ಯಾಗ ಮಗಳನ್ನ ಪೆಟಿಗ್ಯಾಗ ಇಟ್ರ ತವರವರು ಏನು ಮಾಡ್ತಾರ? ಕರಕೊಂಡು ಬಂದು ಉಡಿಕಿ ಮಾಡ್ತಾರ. ನಾನೂ ಉಡಿಕಿ ಮಾಡಿ ಕೊಟ್ಟೆ."

ಗಂಡ ಬಿಟ್ಟ ಹೆಣ್ಣನ್ನು ಇನ್ನೊಬ್ಬನಿಗೆ ಕೂಡಿಕೆ ಮಾಡುವುದಕ್ಕೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ಕುರುಬ ಬೀರಪ್ಪ ಅದಕ್ಕೆ ಬದಲು ಜೋಳ ಕೊಟ್ಟಿದ್ದನಂತೆ, ಕಾಸಿಂಬಿ ಒಂದು ಕೋಳಿ, ಹೆಣ್ಣಿನ ಕಡೆಯವರಿಗೆ ತೆರ ಕೊಡುವ ಹಾಗೆ. "ತೆರ ಇಲ್ಲದ ಉಡಿಕಿ ಆಗಂಗಿಲ್ರಲ್ಲ," ಎಂದ, ನ್ಯಾಯ ಹೇಳುವವನಂತೆ.

ಅವನ ಪದ್ಧತಿಯಿಂದಲೇ ಅವನನ್ನು ಹಿಡಿದೆ.

"ಉಡಿಕಿ ಮಾಡೂ ಮುಂದ ಮೊದಲಿನ ಗಂಡನ್ನ ಕರಸಿ ಬಿಡುಗಡಿ ಕೇಳಬೇಕೋ ಬ್ಯಾಡೋ? ಅವನ ತೆರ ಅವನಿಗೆ ತಿರುಗಿ ಕೊಡಬೇಕೋ ಬ್ಯಾಡೋ? ಹಂಗ ಕೇಳದ ಮಾಡಿದ್ರ ಅದಕ್ಕ ಉಡಿಕಿ ಅಂತಾರೇನು ಮಾನಪ್ಪಾ? ಓಡಿಸಿಕೊಂಡು ಹೋಗೂದು ಅಂತಾರ."

ಅವನು ಪೆಟ್ಟಿಗೆಯಿಂದ ಸೊಟ್ಟಗಾದ ಅಲಗೊಂದನ್ನು ತೆಗೆದು ಹೆಬ್ಬೆರಳಿನಿಂದ ನೇರ ಮಾಡಿದ.

"ಕೇಳಿದ್ರ ಬಿಡತಿದ್ರೇನ್ರಿ?" ಎಂದ.

"ಇಲ್ಲ."

"ಅದಕ್ಕ ಕೇಳಲಿಲ್ರಿ."

"ಮತ್ತ ಆ ಸುಳ್ಳು ಅಲಗಿನ ಮ್ಯಾಲ ನಿನ್ನ ಗುರುತು ಯಾಕ ಹಾಕಿದಿ?"

"ಗುರುತು ಕಾಣದಿದ್ರ ನಿಮಗ ಸಂಜಿಗೆ ಸಮಾಧಾನ ಆಗತಿರಲಿಲ್ರಿ."

"ಮೊನ್ನೆ ನಾ ಪೆಟಗಿ ಒಯ್ಯೂ ಮುಂದರೆ ಹೇಳಬಾರದಾಗಿತ್ತೇನು? ಮಂದ್ಯಾಗ ನನ್ನ ಮಾನ ಹೋತು. ನಿನ್ನ ಶೆಡ್ಡು ಹೋತು."

"ಬಾಯಿತನಕ ಬಂದಿತ್ರಿ. ನೀವು ಅಷ್ಟು ಖುಷಿಲೆ ಹೊಂಟಿದ್ರಿ," ಎಂದು ತಲೆ ತಗ್ಗಿಸಿದ. "ಶೆಡ್ಡು ಹೋದದ್ದು ಸರಿ ಐತಿ. ಅದು ನನಗ ಬರಬಾರದಿತ್ತು."

ನಾನು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಅವನ ದನಿ ಬಂತು. "ಗಂಗವ್ವನ್ನ ಮುಟ್ಟಿಲ್ರಿ. ಆಕಿ ನಿಮ್ಮ ಹತ್ರ ಚೆಂದ ಅದಾಳ."

ಬಸ್ಸಿನಲ್ಲಿ ಕೂತು ಜೇಬಿನ ಚಾಕು ತೆಗೆದು ನೋಡಿದೆ. ಕಲಮು ಕತ್ತರಿಸಿ ಕತ್ತರಿಸಿ ಅಲಗು ಸವೆದು ಸಣ್ಣಗಾಗಿತ್ತು. ಬಸ್ ಟಿಕೀಟಿನ ಅಂಚಿನ ಮೇಲಿಟ್ಟರೆ ತಾನಾಗಿ ಇಳಿಯಿತು. ಅದು ಮಾತ್ರ ಅಸಲು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಯಾವುದು ಅಸಲಾಗಿ ಉಳಿಯಬೇಕು ಎಂಬುದನ್ನು ನನ್ನ ಮನೆಯಲ್ಲಿ ತೀರ್ಮಾನಿಸಲು ಇವನು ಯಾರು?

ಮನೆಗೆ ಬಂದು ಈರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ನನ್ನ ಪರವಾಗಿ ಎರಡು ಬೈಗುಳ ಬೈಯುತ್ತಾಳೆಂದು ಕಾದೆ. ಅವಳು ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಕಬ್ಬಿಣದ ಮಕ್ಕಳನ್ನ ವರ್ಷಾ ಕರಸಿ ಹೆಂಗದೀರಿ ಅಂತ ಕೇಳ್ಯಾನ. ನಮ್ಮಪ್ಪ ಪಂಚಮಿಗೆ ನನ್ನ ಕರಸತಾನ, ಉಂಡಿ ಕೊಡತಾನ, ಸೀರಿ ಉಡಸತಾನ. ಹೆಂಗದೀ ಅಂತ ಒಮ್ಮೆರೆ ಕೇಳಿಲ್ಲ."

ಆ ರಾತ್ರಿ ನನಗೆ ಅವಳ ಮೇಲೂ ಸಿಟ್ಟು ಬಂತು. ಕಳೆದುಕೊಂಡವನು ನಾನು, ಎಲ್ಲರೂ ಕದ್ದವನ ಕಡೆ. ಆಮೇಲೆ ಈರಮ್ಮನನ್ನು ಹೆಂಗದೀ ಎಂದು ಕೇಳಬೇಕೆಂದು ಬಾಯಿಗೆ ಬಂದದ್ದುಂಟು. ಅವಳು ನಕ್ಕುಬಿಡುತ್ತಾಳೆಂದು ಕೇಳದೆ ಬಹಳ ದಿನ ತಳ್ಳಿದೆ. ಕೇಳಿದ ದಿನ ಅವಳು ನಗಲಿಲ್ಲ.

ನನ್ನ ಅಲಗನ್ನು ಬಿಡಿಸಿಕೊಂಡು ಬರುವೆನೆಂದೇ ಒಂದು ರವಿವಾರ ಗುರುಗುಂಟಾಕ್ಕೆ ಹೋದೆ. ಊರ ಹೊರಗೆ ಕುರಿಹಟ್ಟಿಯಲ್ಲಿ ಬೀರಪ್ಪ ಸಿಕ್ಕ. ಒಂದು ಕುರಿಯನ್ನು ಮಗ್ಗುಲಿಗೆ ಕೆಡವಿ, ಅದರ ಗೊರಸಿನಲ್ಲಿ ಮುರಿದ ಜಾಲಿಮುಳ್ಳು ತೆಗೆಯುತ್ತಿದ್ದ. ಕೈಯಲ್ಲಿ ಒರಟು ಬೇವಿನ ಹಿಡಿಕೆಯ ಚಾಕು. ಅಲಗಿನ ಬುಡದಲ್ಲಿ ಜೋಳದ ಕಾಳು. ಎಷ್ಟು ಮೆತ್ತಗೆ ಗೊರಸಿನ ಅಂಚನ್ನು ಸುಲಿದನೆಂದರೆ ಕುರಿ ಕಾಲು ಕೊಸರಲಿಲ್ಲ. ನೋಡಲು ಕೊಡು ಎಂದೆ. ಅವನು ಪಂಚೆಗೆ ಒರೆಸಿ ನೆಲದ ಮೇಲಿಟ್ಟ. ನಾನು ಎತ್ತಿಕೊಂಡೆ.

ಅಲಗಿಗೆ ಒಂದು ಬಣ್ಣ ಬಂದಿತ್ತು, ನೀಲಿಯೂ ಅಲ್ಲದ ಕಪ್ಪೂ ಅಲ್ಲದ ಬಣ್ಣ. ನನ್ನ ಪೆಟ್ಟಿಗೆಯಲ್ಲಿ ಅದು ಎಂದೂ ಹಾಗಿರಲಿಲ್ಲ. ಯಾಕೆ ಹಾಗೆ ಮಾಡಿದೆನೋ, ನನ್ನ ಎಡಗೈಯ ಅಂಗಿತೋಳನ್ನು ಮೇಲೆ ಸರಿಸಿ ಅಲಗು ಆಡಿಸಿದೆ. ಕೂದಲು ಉದುರಿತು.

"ಚಾಕು ಬಾಳ ಛಲೋ ಐತ್ರಿ," ಎಂದ ಬೀರಪ್ಪ. "ಮಸ್ಕಿ ಮಾನಪ್ಪಂದು. ಯಾರೋ ದೊಡ್ಡವರ ಮನ್ಯಾಗ ಕುಂತಿತ್ತಂತ. ಇದನ್ನ ಕೊಟ್ಟ ದಿನ ಅಂವ ಅತ್ತಿದ್ದ."

ನಾನು ಬಂದ ಕಾರಣವನ್ನು ಹೇಳಲಿಲ್ಲ. ಚಾಕುವನ್ನು ನೆಲದ ಮೇಲಿಟ್ಟು, ಬಿಸಿಲಿದೆ ಎಂದು ಎದ್ದುಬಂದೆ. ಅದು ದೊಡ್ಡ ಮನಸ್ಸಿನಿಂದಲ್ಲ. ಆ ಕುರಿಯ ಕಾಲು ಕಂಡ ಮೇಲೆ ಕೇಳಲು ನಾಲಿಗೆ ಏಳಲಿಲ್ಲ, ಅಷ್ಟೆ. ಮಾನಪ್ಪ ಮಾಡಿದ್ದು ಸರಿ ಎಂದು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಅಲಗು ಎಲ್ಲಿರಬೇಕಿತ್ತೋ ಅಲ್ಲಿತ್ತು ಎಂಬುದು ಒಂದು ಮಾತು. ನಂಬಿದವನ ಮುಂದೆ ಕೂತು, ಅವನ ಮುಖ ನೋಡುತ್ತ, ಸುಳ್ಳಿಗೆ ಉಡಿ ತುಂಬಿದ್ದು ಇನ್ನೊಂದು ಮಾತು. ಮೊದಲನೆಯದು ಎರಡನೆಯದನ್ನು ತೊಳೆಯುವುದಿಲ್ಲ.

ಐವತ್ತೈದರ ಪಂಚಮಿಗೆ ನಾನು ಮಸ್ಕಿಗೆ ಹೋಗಲಿಲ್ಲ. ಮಾನಪ್ಪ ಮಸ್ಕಿಯ ಕುಲುಮೆ ಮುಚ್ಚಿ ವಳಕಮದಿನ್ನಿಯ ಹತ್ತಿರ ಕಾಲುವೆ ಕೆಲಸದಲ್ಲಿ ಹಾರೆ ಗುದ್ದಲಿ ಹದ ಮಾಡಲು ಸೇರಿದ್ದಾನೆ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಸುತ್ತಿಗೆ ಇತ್ತು, ಬೆಂಕಿ ಇತ್ತು, ಮಡಚು ಚಾಕು ಇರಲಿಲ್ಲ.

ಐವತ್ತಾರರಲ್ಲಿ ಹೈದರಾಬಾದು ಒಡೆದು ನಾವೆಲ್ಲ ಮೈಸೂರಿಗೆ ಸೇರುವ ಮಾತು ನಡೆದಿದ್ದ ಶ್ರಾವಣದಲ್ಲಿ, ಕಚೇರಿಯ ಕೆಲಸದ ಮೇಲೆ ಸಿಂಧನೂರಿಗೆ ಹೋಗಿದ್ದೆ. ತಿರುಗಿ ಬರುವ ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಗ ಯಾರೋ ಬಂದು ಆಚೆ ತುದಿಗೆ ಕೂತರು. ತಿರುಗಿದರೆ ಮಾನಪ್ಪ. ಮುಖ ಕಿರಿದಾಗಿತ್ತು, ಕೆಮ್ಮುತ್ತಿದ್ದ. ನನ್ನ ಕಣ್ಣು ಹೋದದ್ದು ಅವನ ಎಡಗೈಗೆ. ಮಣಿಕಟ್ಟಿನಿಂದ ಮೊಣಕೈವರೆಗೆ ಬೆಳ್ಳಗೆ ಕೂದಲು ಬೆಳೆದಿತ್ತು.

"ಆರಾಮ ಅದೀರೇನ್ರಿ ಮುನ್ಶಿಯವರ?"

"ಅದೀನಿ. ನಿಂಗವ್ವ?"

"ಹೋದ ವರ್ಷ ತೀರಿಕೊಂಡಳ್ರಿ." ತೋಳಿನಿಂದ ಬಾಯಿ ಒರೆಸಿಕೊಂಡು, "ಗಂಗವ್ವ ಅದಾಳೇನ್ರಿ?" ಎಂದ.

ನಾನು ಜೇಬಿನಿಂದ ತೆಗೆದು ಇಬ್ಬರ ನಡುವೆ ಕಟ್ಟೆಯ ಮೇಲಿಟ್ಟೆ. ಅವನು ತಕ್ಷಣ ಮುಟ್ಟಲಿಲ್ಲ, ನನ್ನ ಮುಖ ನೋಡಿದ. ನಾನು ಹೂಂ ಎಂದೆ. ಎತ್ತಿಕೊಂಡ, ತೆರೆದ, ಸವೆದ ಅಲಗನ್ನು ಬಿಸಿಲಿಗೆ ಹಿಡಿದ. ಆಮೇಲೆ ಎಡಗೈ ಚಾಚಿ, ಆ ಬಿಳಿ ಕೂದಲಿನ ನಡುವೆ ಎರಡು ಬೆರಳಿನಗಲ ಒಂದು ಪಟ್ಟಿ ನುಣ್ಣಗೆ ತೆಗೆದು, ಊದಿದ. ಚಾಕು ಮಡಚಿ ಮತ್ತೆ ಕಟ್ಟೆಯ ಮೇಲಿಟ್ಟ. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಚಾಕುವಿನ ಪಕ್ಕದಲ್ಲೇ ಅಂಗೈ ಮೇಲೆ ಮಾಡಿ ಬಿಟ್ಟ.

ನಾಲ್ಕೇ ದಿನಕ್ಕೆ ಪಂಚಮಿ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಬಾಯಿ ಬಿಟ್ಟು ಕೇಳಲಿಲ್ಲ. ಬಸ್ಸು ಬಂತು. ನಾನು ಚಾಕು ಎತ್ತಿ ಜೇಬಿಗೆ ಹಾಕಿಕೊಂಡೆ.

"ಈ ಸಲ ಕಳಸಂಗಿಲ್ಲ, ಮಾನಪ್ಪಾ," ಎಂದೆ.

"ಖರೆ ಐತ್ರಿ," ಎಂದ. "ನಂಬಿಕಿ ಇಲ್ಲದ ತವರಿಗೆ ಕಳಸಬಾರದು."

ಆ ವರ್ಷದ ಕೊನೆಗೆ ಕಾಲುವೆಯ ಕ್ಯಾಂಪಿನಲ್ಲೇ ಅವನು ಸತ್ತನೆಂದು ಸುದ್ದಿ ಬಂತು. ಈಗಲೂ ಪಂಚಮಿ ಬಂದರೆ ಗಂಗವ್ವನಿಗೆ ನಾನೇ ಎಣ್ಣೆ ಹಚ್ಚುತ್ತೇನೆ. ಈರಮ್ಮ ಚಿಟಿಕೆ ಅಳ್ಳು ತಂದು ಪಕ್ಕದಲ್ಲಿಡುತ್ತಾಳೆ. ಅವತ್ತು ಬಾಯಿ ಬಿಟ್ಟು ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ. ಆದರೆ ಬಸ್ಸು ಹೊರಟ ಮೇಲೆ ಕಿಟಕಿಯಿಂದ ನೋಡಿದ್ದು ಕಣ್ಣಲ್ಲಿ ಹಾಗೇ ಉಳಿದಿದೆ: ಮಾನಪ್ಪ ಕಟ್ಟೆಯ ಮೇಲೆ ಒಬ್ಬನೇ ಕೂತು, ಎಡಗೈ ಮೇಲೆ ಆಗತಾನೆ ಬೋಳಾದ ಎರಡು ಬೆರಳಿನ ಜಾಗವನ್ನು ಹೆಬ್ಬೆರಳಿನಿಂದ ಸವರಿಕೊಳ್ಳುತ್ತಿದ್ದ.